ಯಾವುದನ್ನು ಎಷ್ಟು ಬೇಗ ತಿದ್ದಬೇಕು: ಗಿಟ್‌ನ ಎರಡು ದಶಕಗಳು

ಗಿಟ್ ಎಂಬುದು ಆವೃತ್ತಿ ನಿಯಂತ್ರಣದ ತಂತ್ರಾಂಶ. ಒಂದು ಪ್ರೋಗ್ರಾಮಿನ ಪಠ್ಯದಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನು ಅದು ದಾಖಲಿಸಿಡುತ್ತದೆ. ಕೇಳಿದಾಗ ಹಿಂದಿನ ಯಾವುದೇ ಸ್ಥಿತಿಯನ್ನು ತೆಗೆದುಕೊಡುತ್ತದೆ. ಹಲವರು ಅವರವರ ಕಂಪ್ಯೂಟರಿನಲ್ಲಿ ಮಾಡಿದ ಬದಲಾವಣೆಗಳನ್ನು ಒಂದಾಗಿ ಹೆಣೆಯುತ್ತದೆ. ಲಿನಕ್ಸ್ ಕರ್ನೆಲ್ ಬರೆಯುವವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶದ ಉಚಿತ ಬಳಕೆ 2005ರಲ್ಲಿ ನಿಂತುಹೋದಾಗ, ಅದರ ಜಾಗಕ್ಕೆಂದು ಲಿನಸ್ ಟೊರ್ವಾಲ್ಡ್ಸ್ ಇದನ್ನು ಬರೆದರು. ಏಪ್ರಿಲ್ 3ರಂದು ಕೆಲಸ ಶುರುವಾಯಿತು. ಏಪ್ರಿಲ್ 7ರ ಹೊತ್ತಿಗೆ ಗಿಟ್ ತನ್ನ ಪಠ್ಯದ ಚರಿತ್ರೆಯನ್ನು ತಾನೇ ಕಾಪಾಡತೊಡಗಿತ್ತು. ಜುಲೈಯಲ್ಲಿ ಉಸ್ತುವಾರಿ ಜುನಿಯೊ ಹಮಾನೊ ಅವರ ಕೈಗೆ ಬಂತು. ಡಿಸೆಂಬರ್‌ನಲ್ಲಿ 1.0 ಆವೃತ್ತಿ ಹೊರಬಿತ್ತು.

ಕಟ್ಟಿದ್ದು ದಿನಗಳ ಲೆಕ್ಕದಲ್ಲಾದರೆ, ದುರಸ್ತಿ ಎರಡು ದಶಕಗಳಿಂದ ನಡೆಯುತ್ತಲೇ ಇದೆ. ಸುಮಾರು ಎರಡು–ಮೂರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ, ಪ್ರತಿಯೊಂದರ ಜತೆಗೂ ಸುಧಾರಣೆಗಳ ಮತ್ತು ತಿದ್ದಿದ ದೋಷಗಳ ಉದ್ದನೆಯ ಪಟ್ಟಿ ಇರುತ್ತದೆ. ಆ ಪಟ್ಟಿಗಳಲ್ಲಿ ಕೆಲವು ದೋಷಗಳು ಒಂದೇ ದಿನದಲ್ಲಿ ಸರಿಯಾದದ್ದೂ ಕಾಣುತ್ತದೆ, ಕೆಲವು ಹತ್ತು ವರ್ಷ ಎಳೆದದ್ದೂ ಕಾಣುತ್ತದೆ. ಇನ್ನು ಕೆಲವು ದೋಷಗಳೆಂದು ಎಲ್ಲರೂ ಒಪ್ಪಿಕೊಂಡ ಮೇಲೂ ಇದ್ದಲ್ಲೇ ಇವೆ. ಈ ವ್ಯತ್ಯಾಸಕ್ಕೆ ಸೋಮಾರಿತನವನ್ನೋ ಅವಸರವನ್ನೋ ಕಾರಣವಾಗಿ ಹೇಳುವುದು ಸುಲಭ. ನಿಜವಾದ ಕಾರಣ ದೋಷ ಕೂತಿರುವ ಜಾಗ. ಬಹುಕಾಲ ಬಾಳುವ ಉಪಕರಣದಲ್ಲಿ ಎಲ್ಲ ದೋಷಗಳಿಗೂ ಒಂದೇ ವೇಗ ಸಲ್ಲದು. ಯಾವ ಪದರದಲ್ಲಿ ದೋಷವಿದೆ, ಅದರ ಮೇಲೆ ಯಾರು ಭಾರ ಹಾಕಿ ನಿಂತಿದ್ದಾರೆ ಎಂಬುದರಿಂದ ತಿದ್ದುವ ವೇಗ ನಿರ್ಧಾರವಾಗಬೇಕು.

ಮೂರು ಪದರಗಳು

ಗಿಟ್ಟನ್ನು ಮೂರು ಪದರಗಳಾಗಿ ಬಿಡಿಸಿ ನೋಡಬಹುದು. ತಳದಲ್ಲಿರುವುದು ದಾಖಲೆ, ಅಂದರೆ ಡಿಸ್ಕಿನಲ್ಲಿ ಬರೆದಿಟ್ಟ ವಸ್ತುಗಳು. ಕಡತದ ಒಳಗಿರುವುದು ‘ಬ್ಲಾಬ್’, ಫೋಲ್ಡರಿನ ಪಟ್ಟಿ ‘ಟ್ರೀ’, ಒಂದು ಗಳಿಗೆಯ ಇಡೀ ಸ್ಥಿತಿಗೆ ಬರೆದವರ ಹೆಸರು, ಸಮಯ, ವಿವರಣೆ ಸೇರಿಸಿದ್ದು ‘ಕಮಿಟ್’. ಅದರ ಮೇಲಿನದು ಓದುವ ಪದರ: ಎರಡು ಕಮಿಟ್‌ಗಳ ನಡುವಣ ವ್ಯತ್ಯಾಸ ತೋರಿಸುವುದು, ಎರಡು ಕವಲುಗಳನ್ನು (ಬ್ರಾಂಚ್‌ಗಳನ್ನು) ಮರ್ಜ್ ಮಾಡುವುದು, ಚರಿತ್ರೆಯಲ್ಲಿ ಹುಡುಕುವುದು ಇವೆಲ್ಲ ಅದರ ಕೆಲಸ. ಎಲ್ಲಕ್ಕಿಂತ ಮೇಲಿನದು ಮಾತಿನ ಪದರ: ಬಳಸುವವರು ಟೈಪ್ ಮಾಡುವ ಆದೇಶಗಳು, ಅವುಗಳಿಗೆ ಬರುವ ಉತ್ತರಗಳು.

ತಳದ ಪದರದಲ್ಲೇ ದೋಷವಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಿಟ್‌ಗಿಂತ ಹಿಂದಿನ ಸಿವಿಎಸ್ ಉದಾಹರಣೆ. 1980ರ ದಶಕದಲ್ಲಿ ಡಿಕ್ ಗ್ರೂನ ಅವರಿಂದ ಶುರುವಾದ ಅದು, ವಾಲ್ಟರ್ ಟಿಷಿ ಅವರ ಆರ್‌ಸಿಎಸ್ ಎಂಬ ಇನ್ನೂ ಹಳೆಯ ಉಪಕರಣದ ಮೇಲೆ ನಿಂತಿತ್ತು. ಆರ್‌ಸಿಎಸ್ ಒಂದೊಂದು ಕಡತಕ್ಕೂ ಬೇರೆ ಚರಿತ್ರೆ ಇಡುತ್ತಿತ್ತು. ಸಿವಿಎಸ್‌ಗೂ ಅದೇ ಗತಿಯಾಯಿತು. ಹತ್ತು ಕಡತಗಳ ಬದಲಾವಣೆಯನ್ನು ಒಟ್ಟಿಗೆ ಸೇರಿಸುವಾಗ ನಡುವೆ ಸಂಪರ್ಕ ಕಡಿದರೆ ಐದು ಕಡತ ಹೊಸದು, ಐದು ಹಳೆಯದು ಎಂಬ ಸ್ಥಿತಿ ಉಳಿಯುತ್ತಿತ್ತು. ಕಡತದ ಹೆಸರು ಬದಲಿಸಿದರೆ ಅದರ ಚರಿತ್ರೆಯ ಎಳೆ ತುಂಡಾಗುತ್ತಿತ್ತು. ಇವು ಪ್ರೋಗ್ರಾಮಿನ ಸಾಲುಗಳಲ್ಲಿದ್ದ ತಪ್ಪುಗಳಲ್ಲ, ದಾಖಲೆಯ ಸ್ವರೂಪದಲ್ಲೇ ಇದ್ದ ಕೊರತೆಗಳು. ಎಷ್ಟು ತೇಪೆ ಹಾಕಿದರೂ ನೀಗುವಂತಿರಲಿಲ್ಲ. ಕೊನೆಗೆ ಸಬ್‌ವರ್ಷನ್ ಎಂಬ ಬೇರೆ ಉಪಕರಣವನ್ನೇ ಕಟ್ಟಬೇಕಾಯಿತು. 2000ದಲ್ಲಿ ಆರಂಭವಾಗಿ 2004ರಲ್ಲಿ ಅದರ 1.0 ಬಂತು.

ದಾಖಲೆ: ತಡವಾದಷ್ಟೂ ದುಬಾರಿ

ಗಿಟ್‌ನಲ್ಲಿ ಪ್ರತಿ ವಸ್ತುವಿಗೂ ಅದರ ಒಳಗಿನದರಿಂದಲೇ ಲೆಕ್ಕಹಾಕಿದ ಒಂದು ಹೆಸರಿರುತ್ತದೆ. ಶಾ-1 ಎಂಬ ಹ್ಯಾಶ್ ವಿಧಾನದಿಂದ ಬರುವ ಈ ಹೆಸರು 160 ಬಿಟ್‌ನದು, ಬರೆದರೆ 40 ಚಿಹ್ನೆ. ಒಳಗೆ ಒಂದು ಅಕ್ಷರ ಬದಲಾದರೂ ಹೆಸರು ಪೂರ್ತಿ ಬದಲಾಗುತ್ತದೆ. ಪ್ರತಿ ಕಮಿಟ್ ತನ್ನ ಹಿಂದಿನ ಕಮಿಟ್‌ನ ಹೆಸರನ್ನು ಹೊತ್ತಿರುವುದರಿಂದ, ಚರಿತ್ರೆಯ ಮಧ್ಯದಲ್ಲಿ ಎಲ್ಲಿ ಕೈಯಾಡಿಸಿದರೂ ಅಲ್ಲಿಂದ ಮುಂದಿನ ಎಲ್ಲ ಹೆಸರುಗಳೂ ಬೇರೆಯಾಗಿ ಬಿಡುತ್ತವೆ.

ಈ ಪದರವನ್ನು ಗಿಟ್ ಒಮ್ಮೆ ಬೇಗನೆ ತಿದ್ದಿಕೊಂಡಿತು. ಮೊದಮೊದಲು ವಸ್ತುವನ್ನು ಸಂಕುಚಿಸಿದ ಮೇಲೆ ಹ್ಯಾಶ್ ಲೆಕ್ಕ ಹಾಕಲಾಗುತ್ತಿತ್ತು. ಹಾಗಿದ್ದಲ್ಲಿ ಸಂಕುಚಿಸುವ ವಿಧಾನವನ್ನು ಸುಧಾರಿಸಿದ ದಿನ ಒಂದೇ ಕಡತಕ್ಕೆ ಎರಡು ಹೆಸರು ಬರುವ ಅಪಾಯವಿತ್ತು. ಗಿಟ್‌ಗೆ ಎರಡು ವಾರವಾಗುವಷ್ಟರಲ್ಲಿ ಟೊರ್ವಾಲ್ಡ್ಸ್ ಕ್ರಮವನ್ನು ತಿರುಗಿಸಿ, ಮೊದಲು ಹ್ಯಾಶ್, ಆಮೇಲೆ ಸಂಕೋಚನ ಎಂದು ಮಾಡಿದರು. ಹಳೆಯ ಭಂಡಾರಗಳನ್ನು, ಅಂದರೆ ಇಂಥ ವಸ್ತುಗಳ ಸಂಗ್ರಹಗಳನ್ನು, ಹೊಸ ಕ್ರಮಕ್ಕೆ ತರಲು ಒಂದು ಪರಿವರ್ತಕ ಪ್ರೋಗ್ರಾಮನ್ನೂ ಕೊಟ್ಟರು. ಬಳಸುವವರು ಬೆರಳೆಣಿಕೆಯಷ್ಟಿದ್ದುದರಿಂದ ಅಷ್ಟಕ್ಕೇ ಕೆಲಸ ಮುಗಿಯಿತು.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಮೂಲ ಪಠ್ಯದಿಂದ ಪ್ರೋಗ್ರಾಮ್ ಕಟ್ಟುವ ‘ಮೇಕ್’ ಎಂಬ ಇನ್ನೊಂದು ಹಳೆಯ ಉಪಕರಣದ ಕತೆ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಬರೆದ ಅದರಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ನೋಡುವ ಕಣ್ಣಿಗೆ ವ್ಯತ್ಯಾಸವೇ ಕಾಣದ ಖಾಲಿಜಾಗಗಳನ್ನು ಒತ್ತಿದರೆ ತಪ್ಪಾಗುತ್ತದೆ. ಅದು ಒಳ್ಳೆಯ ಆಯ್ಕೆಯಲ್ಲ ಎಂದು ಫೆಲ್ಡ್‌ಮನ್ ಅವರಿಗೆ ಕೆಲವೇ ವಾರಗಳಲ್ಲಿ ತೋರಿತು. ಆದರೆ ಆಗಲೇ ಹನ್ನೆರಡು ಜನ ಬಳಸುತ್ತಿದ್ದರು, ಅವರಿಗೆ ತೊಂದರೆಯಾಗಬಾರದೆಂದು ಬಿಟ್ಟರು. ಆ ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಐವತ್ತು ವರ್ಷಗಳಿಂದ ಬಳಕೆದಾರರೆಲ್ಲ ಬೆಲೆ ತೆರುತ್ತಿದ್ದಾರೆ. ಎಚ್ಚರಿಕೆಯೂ ಕಾಲ ನೋಡಿ ವಹಿಸಬೇಕಾದ್ದು. ಎಳೆಯ ಉಪಕರಣಕ್ಕೆ ಧೈರ್ಯ ಒಪ್ಪುತ್ತದೆ, ಬಲಿತದ್ದಕ್ಕೆ ತಾಳ್ಮೆ.

ತಾಳ್ಮೆಯ ಸರದಿ ಗಿಟ್‌ಗೂ ಬಂತು. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಶಾ-1 ಹೆಸರು ಬರುವ ಎರಡು ಬೇರೆಬೇರೆ ಪಿಡಿಎಫ್ ಕಡತಗಳನ್ನು ತೋರಿಸಿದರು. ಅದಕ್ಕೆ ತಗುಲಿದ ಲೆಕ್ಕಾಚಾರ 6,500 ಸಿಪಿಯು-ವರ್ಷ ಮತ್ತು 110 ಜಿಪಿಯು-ವರ್ಷಗಳಷ್ಟು. ವೆಬ್‌ಕಿಟ್ ಯೋಜನೆಯ ಸಬ್‌ವರ್ಷನ್ ಭಂಡಾರಕ್ಕೆ ಆ ಎರಡೂ ಕಡತಗಳನ್ನು ಪರೀಕ್ಷೆಗೆಂದು ಸೇರಿಸಿದಾಗ ಭಂಡಾರವೇ ಕೆಟ್ಟು ನಿಂತಿತು. ಗಿಟ್ ಹ್ಯಾಶ್ ಲೆಕ್ಕ ಹಾಕುವ ಮುನ್ನ ವಸ್ತುವಿನ ಬಗೆ ಮತ್ತು ಗಾತ್ರವನ್ನು ಮುಂದೆ ಸೇರಿಸಿಕೊಳ್ಳುವುದರಿಂದ ಅದೇ ಜೋಡಿ ಅದನ್ನು ಕೆಡಿಸಲಿಲ್ಲ. ಹಾಗೆಂದು ಅಪಾಯ ತಪ್ಪಿತೆಂದಲ್ಲ. ಗಿಟ್‌ಗೆಂದೇ ಇನ್ನೊಂದು ಜೋಡಿ ತಯಾರಿಸಲು ಅಡ್ಡಿಯೇನೂ ಇರಲಿಲ್ಲ.

ಇಲ್ಲಿ ಗಿಟ್ ಎರಡು ವೇಗಗಳಲ್ಲಿ ಹೆಜ್ಜೆ ಇಟ್ಟಿತು. ಅದೇ ವರ್ಷದ ಮೇ ತಿಂಗಳ 2.13ರಲ್ಲಿ, ಇಂಥ ದಾಳಿಯ ಗುರುತು ಹಿಡಿದು ನಿರಾಕರಿಸುವ ಶಾ-1 ಲೆಕ್ಕವನ್ನು ಅಳವಡಿಸಿಕೊಂಡಿತು. ಮಾಮೂಲಿ ಕಡತಗಳ ಹೆಸರು ಬದಲಾಗದ ಕಾರಣ ಯಾರ ಕೆಲಸಕ್ಕೂ ಭಂಗ ಬರಲಿಲ್ಲ. ಇನ್ನೊಂದು ಹೆಜ್ಜೆ ಶಾ-256ಕ್ಕೆ ಹೋಗುವುದು. ಮೂಲ ಪಠ್ಯದ ತುಂಬ ಹ್ಯಾಶ್ ಎಂದರೆ 20 ಬೈಟ್ ಎಂದೇ ನೇರವಾಗಿ ಬರೆದಿತ್ತು. ಅವನ್ನೆಲ್ಲ ಒಂದೊಂದಾಗಿ ಹುಡುಕಿ, ಹ್ಯಾಶಿನ ಉದ್ದದ ಹಂಗಿಲ್ಲದ ರೂಪಕ್ಕೆ ತರುವ ಕೆಲಸ 2015ರಿಂದಲೇ ಸಾಗಿತ್ತು. 2020ರ 2.29ರಲ್ಲಿ ಶಾ-256 ಭಂಡಾರ ಪ್ರಯೋಗವೆಂಬ ಎಚ್ಚರಿಕೆಯೊಡನೆ ಸಿಕ್ಕಿತು. ಆ ಎಚ್ಚರಿಕೆಯ ಬಿಗಿ ಸಡಿಲವಾದದ್ದು 2023ರಲ್ಲಿ. ಎರಡು ವಾರದ ಗಿಟ್‌ಗೆ ಒಂದು ಪರಿವರ್ತಕ ಸಾಕಾಗಿತ್ತು. ಹತ್ತು ದಾಟಿದ ಗಿಟ್‌ಗೆ ಅಂಥದೇ ಬದಲಾವಣೆ ಒಂದು ದಶಕದ ಕೆಲಸವಾಯಿತು.

ಓದು: ಹಳೆಯ ಚರಿತ್ರೆಗೂ ಹೊಸ ಕಣ್ಣು

ಮಧ್ಯದ ಪದರದಲ್ಲಿ ಈ ಸಂಕಟವಿಲ್ಲ. ಕಡತವೊಂದರ ಹೆಸರು ಬದಲಾಯಿತು ಎಂಬುದನ್ನು ಗಿಟ್ ಎಲ್ಲಿಯೂ ಬರೆದಿಡುವುದಿಲ್ಲ. ಹಿಂದಿನ ಸ್ಥಿತಿಯಲ್ಲಿ ಒಂದು ಹೆಸರು ಮಾಯವಾಗಿ, ಮುಂದಿನದರಲ್ಲಿ ಇನ್ನೊಂದು ಕಾಣಿಸಿಕೊಂಡು, ಎರಡರ ಒಳಗೂ ಅರ್ಧಕ್ಕಿಂತ ಹೆಚ್ಚು ಹೋಲಿಕೆಯಿದ್ದರೆ ‘ಹೆಸರು ಬದಲಾಗಿರಬೇಕು’ ಎಂದು ಓದುವಾಗ ಊಹಿಸುತ್ತದೆ. ಶುರುವಿನಲ್ಲಿ ಈ ತೀರ್ಮಾನಕ್ಕೆ ಬಂದ ಟೀಕೆ ಕಡಿಮೆಯದಲ್ಲ. ಗೊತ್ತಿರುವ ಸಂಗತಿಯನ್ನು ಬರೆದಿಡದೆ ಆಮೇಲೆ ಊಹಿಸುವುದೇಕೆ ಎಂಬ ಪ್ರಶ್ನೆ ಸಹಜವಾದದ್ದೇ.

ಉತ್ತರ ದುರಸ್ತಿಯ ಚರಿತ್ರೆಯಲ್ಲಿದೆ. ಬರೆದಿಟ್ಟದ್ದು ತಪ್ಪಾದರೆ ತಪ್ಪಾಗಿಯೇ ಉಳಿಯುತ್ತದೆ. ಊಹಿಸಿದ್ದನ್ನು ನಾಳೆ ಇನ್ನೂ ಚೆನ್ನಾಗಿ ಊಹಿಸಬಹುದು. ಎಲೈಜಾ ನ್ಯೂರೆನ್ ಬರೆದ ‘ಆರ್ಟ್’ ಎಂಬ ಹೊಸ ಮರ್ಜ್ ವಿಧಾನ 2021ರ 2.34ರಲ್ಲಿ ತಾನಾಗಿಯೇ ಬಳಕೆಯಾಗುವ ವಿಧಾನವಾಯಿತು. ಅದು ಹಳೆಯದರ ಹಲವು ದೋಷಗಳನ್ನು ನಿವಾರಿಸಿತು. ಹೆಸರು ಬದಲಾವಣೆಗಳು ತುಂಬಿದ ಒಂದು ಪರೀಕ್ಷೆಯಲ್ಲಿ ಮರ್ಜ್ 500 ಪಟ್ಟಿಗಿಂತ ಹೆಚ್ಚು ಚುರುಕಾಯಿತು. ಇದರ ಫಲ ಹೊಸ ಕಮಿಟ್‌ಗಳಿಗಷ್ಟೇ ಸೀಮಿತವಲ್ಲ. 2005ರಲ್ಲಿ ಬರೆದ ಕಮಿಟ್‌ಗಳನ್ನು ಇಂದು ಮರ್ಜ್ ಮಾಡಿದರೂ ಅದೇ ಲಾಭ ಸಿಗುತ್ತದೆ. ದಾಖಲೆಯ ಒಂದು ಬೈಟನ್ನೂ ಮುಟ್ಟಿಲ್ಲ.

ವ್ಯತ್ಯಾಸ ತೋರಿಸುವ ಕೆಲಸದಲ್ಲೂ ಇದೇ ನಡೆಯಿತು. ಎರಡು ಫಂಕ್ಷನ್‌ಗಳ ನಡುವೆ ಹೊಸದೊಂದನ್ನು ಸೇರಿಸಿದರೆ, ಹಿಂದೆ ಗಿಟ್ ಮೇಲಿನ ಫಂಕ್ಷನ್ನಿನ ಮುಚ್ಚುವ ಆವರಣದಿಂದ ಹಿಡಿದು ಹೊಸದರ ಕೊನೆಯ ಹಿಂದಿನ ಸಾಲಿನವರೆಗೆ ‘ಸೇರಿಸಿದ್ದು’ ಎಂದು ತೋರಿಸುವುದಿತ್ತು. ಲೆಕ್ಕದ ದೃಷ್ಟಿಯಿಂದ ಅದು ತಪ್ಪಲ್ಲ, ಸಾಲುಗಳ ಎಣಿಕೆ ಒಂದೇ. ಓದುವವರಿಗೆ ಮಾತ್ರ ಒಬ್ಬರ ತಲೆ, ಇನ್ನೊಬ್ಬರ ಮುಂಡ ನೋಡಿದಂತಾಗುತ್ತಿತ್ತು. ಸಾಲುಗಳು ಎಷ್ಟು ಒಳಸರಿದಿವೆ ಎಂಬುದನ್ನು ನೋಡಿ ಗಡಿಯನ್ನು ಸರಿಯಾದ ಜಾಗಕ್ಕೆ ಜರುಗಿಸುವ ಉಪಾಯ 2016ರ 2.11ರಲ್ಲಿ ಐಚ್ಛಿಕವಾಗಿ ಬಂದು, 2017ರ 2.14ರಲ್ಲಿ ರೂಢಿಯ ಕ್ರಮವಾಯಿತು.

ವೇಗದ ಸುಧಾರಣೆಗಳೂ ಬಹುಪಾಲು ಇಲ್ಲಿಯೇ. ಮೈಕ್ರೊಸಾಫ್ಟ್ 2017ರ ಹೊತ್ತಿಗೆ ವಿಂಡೋಸ್‌ನ ಮೂಲ ಪಠ್ಯವನ್ನು ಗಿಟ್‌ಗೆ ತಂದಿತು: ಸುಮಾರು 35 ಲಕ್ಷ ಕಡತ, 300 ಗಿಗಾಬೈಟ್. ಅಷ್ಟು ದೊಡ್ಡ ಚರಿತ್ರೆಯಲ್ಲಿ ಒಂದು ಕಮಿಟ್ ಇನ್ನೊಂದರ ಪೂರ್ವಜವೇ ಎಂದು ತಿಳಿಯಲು ಒಂದೊಂದೇ ಕಮಿಟನ್ನು ಬಿಚ್ಚಿ ಓದಿದರೆ ಸಾಗದು. ಆದ್ದರಿಂದ 2018ರಲ್ಲಿ ಕಮಿಟ್‌ಗಳ ನಂಟನ್ನೂ ತಲೆಮಾರಿನ ಸಂಖ್ಯೆಯನ್ನೂ ಒಂದೇ ಕಡೆ ಸಂಗ್ರಹಿಸಿಡುವ ‘ಕಮಿಟ್-ಗ್ರಾಫ್’ ಎಂಬ ಕಡತ ಬಂತು. ಅದು ಪುಸ್ತಕದ ಕೊನೆಯ ಪದಸೂಚಿಯಂಥದು. ಅಳಿಸಿಹಾಕಿದರೂ ಏನೂ ಕಳೆದುಹೋಗದು, ಮತ್ತೆ ತಯಾರಿಸಿಕೊಳ್ಳಬಹುದು. ಅಳಿಸಿ ಮತ್ತೆ ಕಟ್ಟಬಹುದಾದ ಭಾಗದಲ್ಲಿ ಸುಧಾರಣೆಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಮಾತು: ರೂಢಿಯ ಭಾರ

ಮೇಲಿನ ಪದರ ಹೊರಗಿನಿಂದ ನೋಡಿದರೆ ಅತಿ ಹಗುರ. ಒಂದು ಆದೇಶದ ಹೆಸರು ಬದಲಿಸಲು ಕೆಲವು ಸಾಲುಗಳ ತಿದ್ದುಪಡಿ ಸಾಕು. ಆದರೆ ಆದೇಶಗಳು ಬೆರಳುಗಳಲ್ಲಿ ನೆಲೆಸಿರುತ್ತವೆ, ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುತ್ತವೆ, ರಾತ್ರಿ ತಾವಾಗಿಯೇ ಓಡುವ ಸ್ಕ್ರಿಪ್ಟ್‌ಗಳ ಒಳಗೆ ಹುದುಗಿರುತ್ತವೆ. ಸ್ಕ್ರಿಪ್ಟ್ ಬರೆದವರು ಆ ಕೆಲಸ ಬಿಟ್ಟು ಹೋಗಿ ವರ್ಷಗಳಾಗಿರಬಹುದು.

ಕನ್ನಡದ ಬಳಕೆದಾರರಿಗೆ ನೇರವಾಗಿ ತಟ್ಟುವ ಒಂದು ಉದಾಹರಣೆಯಿದೆ. ‘ಕಥೆ’ ಎಂಬ ಹೆಸರಿನ ಕಡತವನ್ನು ಭಂಡಾರಕ್ಕೆ ಸೇರಿಸಿ ‘ಗಿಟ್ ಸ್ಟೇಟಸ್’ ಕೇಳಿದರೆ, ಬೇರೇನೂ ಹೊಂದಿಸದಿದ್ದಲ್ಲಿ, ತೆರೆಯ ಮೇಲೆ ಬರುವ ಹೆಸರು ಇದು: \340\262\225\340\262\245\340\263\206. ಕಣ್ಣಿಗೆ ಎರಡು ಅಕ್ಷರ, ಯುನಿಕೋಡ್‌ನಲ್ಲಿ ಮೂರು ಸಂಕೇತ, ಯುಟಿಎಫ್-8ರಲ್ಲಿ ಒಂಬತ್ತು ಬೈಟ್, ಗಿಟ್‌ನ ಉತ್ತರದಲ್ಲಿ 36 ಚಿಹ್ನೆ. ಇಂಗ್ಲಿಷೇತರ ಬೈಟ್‌ಗಳನ್ನು ಅಷ್ಟಮಾನ ಅಂಕಿಗಳಲ್ಲಿ ತೋರಿಸುವ ಈ ಕ್ರಮ, ಯಾವ ಟರ್ಮಿನಲ್ ಯಾವ ಅಕ್ಷರ ಸಂಕೇತವನ್ನು ಅರಿಯುತ್ತದೆಂಬ ಖಾತ್ರಿಯಿಲ್ಲದ ದಿನಗಳದು. ‘ಕೋರ್ ಕೋಟ್‌ಪಾತ್’ ಎಂಬ ಹೊಂದಾಣಿಕೆಯನ್ನು ನಿಷ್ಕ್ರಿಯಗೊಳಿಸಿದರೆ ‘ಕಥೆ’ ಕಥೆಯಾಗಿಯೇ ಕಾಣುತ್ತದೆ. ಹಾಗಾದರೆ ಅದನ್ನೇ ರೂಢಿಯ ಕ್ರಮ ಮಾಡಬಾರದೇಕೆ? ಈ ಉತ್ತರವನ್ನು ಇದೇ ರೂಪದಲ್ಲಿ ನಿರೀಕ್ಷಿಸಿ ಒಡೆದು ಓದುವ ಸ್ಕ್ರಿಪ್ಟ್‌ಗಳು ಇರುತ್ತವೆ. ಒಬ್ಬರ ಕಣ್ಣಿಗೆ ಕಸವಾಗಿ ಕಂಡದ್ದು ಇನ್ನೊಬ್ಬರ ಯಂತ್ರಕ್ಕೆ ಒಪ್ಪಂದ.

ಎಲ್ಲ ರೂಢಿಗಳನ್ನೂ ಹೀಗೆ ಬಿಟ್ಟಿಲ್ಲ. ಹಳೆಯ ಗಿಟ್‌ನಲ್ಲಿ ಬರೀ ‘ಗಿಟ್ ಪುಶ್’ ಎಂದರೆ ಇಲ್ಲಿಯೂ ಅಲ್ಲಿಯೂ ಒಂದೇ ಹೆಸರಿರುವ ಎಲ್ಲ ಬ್ರಾಂಚ್‌ಗಳೂ ಸರ್ವರ್‌ಗೆ ಹೋಗುತ್ತಿದ್ದವು. ಕೆಲಸ ಮಾಡುತ್ತಿದ್ದ ಒಂದನ್ನು ಕಳಿಸಲು ಹೊರಟವರು ಅರ್ಧ ಮುಗಿದ ಇನ್ನೂ ಮೂರನ್ನು ಕಳಿಸಿಬಿಡುತ್ತಿದ್ದರು. ಅದರ ಜತೆಗೆ ‘ಫೋರ್ಸ್’ ಸೇರಿದರೆ ಸಹೋದ್ಯೋಗಿಗಳ ಕೆಲಸದ ಮೇಲೆಯೇ ಹಳೆಯದು ಬಂದು ಕೂರುತ್ತಿತ್ತು. ಈಗಿರುವ ಬ್ರಾಂಚನ್ನಷ್ಟೇ ಕಳಿಸುವ ‘ಸಿಂಪಲ್’ ಕ್ರಮ 2012ರಲ್ಲಿ ಬಂತು. ಬಂದ ದಿನವೇ ಅದನ್ನು ಹೇರಲಿಲ್ಲ. ಮುಂದೆ ಕ್ರಮ ಬದಲಾಗಲಿದೆ, ಎರಡರಲ್ಲಿ ಒಂದನ್ನು ಈಗಲೇ ಆರಿಸಿಕೊಳ್ಳಿ ಎಂದು ಪುಶ್ ಮಾಡಿದಾಗೆಲ್ಲ ಎಚ್ಚರಿಸುತ್ತ ಬಂದು, 2014ರ ಮೇ ತಿಂಗಳ 2.0ರಲ್ಲಿ ಬದಲಾವಣೆ ಜಾರಿಯಾಯಿತು.

ಮೂರನೆಯ ದಾರಿ ಹಳೆಯದರ ಪಕ್ಕದಲ್ಲಿ ಹೊಸದನ್ನು ನಿಲ್ಲಿಸುವುದು. ‘ಚೆಕ್‌ಔಟ್’ ಎಂಬ ಒಂದೇ ಆದೇಶ ಎರಡು ದೂರದ ಕೆಲಸಗಳನ್ನು ಮಾಡುತ್ತದೆ. ಬ್ರಾಂಚಿನ ಹೆಸರು ಕೊಟ್ಟರೆ ಆ ಬ್ರಾಂಚಿಗೆ ಹೋಗುತ್ತದೆ; ಕಡತದ ಹೆಸರು ಕೊಟ್ಟರೆ ಅದರಲ್ಲಿ ಕಮಿಟ್ ಆಗದ ಬದಲಾವಣೆಗಳನ್ನೆಲ್ಲ ಒಂದು ಮಾತೂ ಕೇಳದೆ ಅಳಿಸಿಬಿಡುತ್ತದೆ. ಇಡೀ ದಿನದ ಕೆಲಸವನ್ನು ಹೀಗೆ ಕಳೆದುಕೊಂಡವರು ಅನೇಕರು. 2019ರ 2.23ರಲ್ಲಿ ಮೊದಲ ಕೆಲಸಕ್ಕೆ ‘ಸ್ವಿಚ್’, ಎರಡನೆಯದಕ್ಕೆ ‘ರಿಸ್ಟೋರ್’ ಎಂದು ಎರಡು ಆದೇಶಗಳು ಬಂದವು. ‘ಚೆಕ್‌ಔಟ್’ ಹಾಗೆಯೇ ಉಳಿಯಿತು. ಹೊಸದಾಗಿ ಕಲಿಯುವವರಿಗೆ ಸುರಕ್ಷಿತ ದಾರಿ ಸಿಕ್ಕಿತು, ಹಳಬರ ದಾರಿ ಮುಚ್ಚಲಿಲ್ಲ.

ಸುರಕ್ಷತೆ: ಒಡನೆ ತಿದ್ದು, ತಪ್ಪಿದರೆ ಒಡನೆ ಹಿಂದೆಗೆ

ಈ ತಾಳ್ಮೆಯ ಲೆಕ್ಕವನ್ನೆಲ್ಲ ಬದಿಗಿಡಬೇಕಾದ ಒಂದು ವರ್ಗವಿದೆ. 2014ರ ಡಿಸೆಂಬರ್‌ನಲ್ಲಿ ಬಯಲಾದ ದೋಷ ಅಂಥದು. ಪ್ರತಿ ಭಂಡಾರದ ಹೊಂದಾಣಿಕೆಗಳು ಚುಕ್ಕಿಯಿಂದ ಶುರುವಾಗುವ ‘.ಗಿಟ್’ ಎಂಬ ಫೋಲ್ಡರಿನಲ್ಲಿರುತ್ತವೆ. ಅಲ್ಲಿ ಯಾವ ಪ್ರೋಗ್ರಾಮನ್ನು ಓಡಿಸಬೇಕೆಂದು ಬರೆಯಲೂ ಅವಕಾಶವಿದೆ. ಆದ್ದರಿಂದ ಆ ಹೆಸರಿನ ಫೋಲ್ಡರನ್ನು ಕಮಿಟ್ ಮೂಲಕ ಕಳಿಸಲು ಗಿಟ್ ಬಿಡುತ್ತಿರಲಿಲ್ಲ. ಆದರೆ ವಿಂಡೋಸ್ ಮತ್ತು ಮ್ಯಾಕ್‌ಗಳ ಕಡತ ವ್ಯವಸ್ಥೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಒಂದೇ ಎಂದು ಬಗೆಯುತ್ತದೆ. ಗಿಟ್‌ನ ಕಣ್ಣಿಗೆ ಬೇರೆಯಾಗಿ ಕಂಡ ದೊಡ್ಡಕ್ಷರದ ಹೆಸರು ಡಿಸ್ಕಿಗೆ ಇಳಿದಾಗ ನಿಜವಾದ ‘.ಗಿಟ್’ ಒಳಗೇ ಹೋಗಿ ಕೂರುತ್ತಿತ್ತು. ಪರರ ಭಂಡಾರವನ್ನು ಇಳಿಸಿಕೊಂಡ ಮಾತ್ರಕ್ಕೆ ಅವರ ಆದೇಶ ಇಲ್ಲಿ ಓಡುವ ಸ್ಥಿತಿ ಅದು.

ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯಲ್ಲಿ ಇನ್ನೂ ಒಂದು ತೂತಿತ್ತು, ಅದು ಕನ್ನಡ ಟೈಪ್ ಮಾಡುವವರಿಗೆ ಪರಿಚಿತವಾದದ್ದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಮುಂದೆ ಬರುವ ‘ವೇ’ ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯಲು ನಡುವೆ ಒಂದು ಕಣ್ಣಿಗೆ ಕಾಣದ ಸಂಕೇತ ಇಡಬೇಕಾಗುತ್ತದೆ: ಯುನಿಕೋಡ್‌ನ ಶೂನ್ಯ ಅಗಲದ ಬಿಡಿಸುವ ಸಂಕೇತ. ಕನ್ನಡಕ್ಕೆ ಅಗತ್ಯವಾದ ಈ ಸಂಕೇತವನ್ನು ಎಚ್‌ಎಫ್‌ಎಸ್ ಪ್ಲಸ್ ಕಡತದ ಹೆಸರುಗಳನ್ನು ಹೋಲಿಸುವಾಗ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ‘.ಗಿಟ್’ ಹೆಸರಿನ ನಡುವೆ ಅದನ್ನು ತುರುಕಿದರೆ ಗಿಟ್‌ಗೆ ಬೇರೆ ಹೆಸರು, ಡಿಸ್ಕಿಗೆ ಅದೇ ಹೆಸರು. ತಿದ್ದುಪಡಿ 2.2.1ರಲ್ಲಿ ಬಂತು. ಅದೇ ದಿನ 1.8.5, 1.9, 2.0, 2.1 ಸಾಲುಗಳಿಗೂ ತಿದ್ದಿದ ಆವೃತ್ತಿಗಳು ಹೊರಬಿದ್ದವು. ಇಲ್ಲಿ ಮುನ್ನೆಚ್ಚರಿಕೆಯ ವರ್ಷಗಳಿಲ್ಲ. ಅಂಥ ಹೆಸರಿನ ಕಡತ ಯಾರ ಭಂಡಾರದಲ್ಲಿದ್ದರೂ ಅದಕ್ಕೆ ಬಾಗಿಲು ಮುಚ್ಚಿತು.

ಒಡನೆ ತಿದ್ದುವುದಕ್ಕೂ ಒಂದು ಬೆಲೆಯಿದೆ. 2022ರ ಏಪ್ರಿಲ್ 12ರಂದು ಬಂದ 2.35.2, ಬೇರೊಬ್ಬ ಬಳಕೆದಾರರ ಒಡೆತನದ ಫೋಲ್ಡರಿನಲ್ಲಿರುವ ಭಂಡಾರವನ್ನು ತೆರೆಯಲು ನಿರಾಕರಿಸಿತು. ಹಲವರು ಹಂಚಿಕೊಂಡ ಕಂಪ್ಯೂಟರಿನಲ್ಲಿ ಒಬ್ಬರು ಮೇಲಿನ ಫೋಲ್ಡರಿನಲ್ಲಿ ‘.ಗಿಟ್’ ಇಟ್ಟು ಉಳಿದವರನ್ನು ಸಿಕ್ಕಿಸುವ ದಾಳಿಗೆ ಅದು ಮದ್ದು. ಆದರೆ ಕಂಟೇನರ್‌ಗಳಲ್ಲಿ, ತಾವಾಗಿ ಓಡುವ ಬಿಲ್ಡ್ ಯಂತ್ರಗಳಲ್ಲಿ ಕಡತಗಳ ಒಡೆಯರು ಒಬ್ಬರು, ಗಿಟ್ ಓಡಿಸುವವರು ಇನ್ನೊಬ್ಬರು ಆಗಿರುವುದು ಮಾಮೂಲು. ಅಲ್ಲೆಲ್ಲ ಕೆಲಸ ನಿಂತಿತು. ನಂಬಿಕೆಯ ಫೋಲ್ಡರುಗಳನ್ನು ಒಂದೊಂದಾಗಿ ಪಟ್ಟಿ ಮಾಡುವುದು ಅಸಾಧ್ಯವೆಂಬ ದೂರು ಬಂದಾಗ, ನಕ್ಷತ್ರ ಚಿಹ್ನೆಯೊಂದನ್ನು ಬರೆದು ತಪಾಸಣೆಯನ್ನೇ ಬಿಡುವ ಅವಕಾಶ ಎರಡು ದಿನಗಳಲ್ಲಿ, 2.35.3ರಲ್ಲಿ ಬಂತು. 2024ರ ಮೇ ತಿಂಗಳ 2.45.1ರದೂ ಇಂಥದೇ ಕತೆ. ನಿಜವಾದ ದೋಷಗಳ ಜತೆಗೆ, ಮುಂದೆಂದೋ ಬರಬಹುದಾದ ದಾಳಿಗಳಿಗೂ ಇರಲಿ ಎಂದು ಹಾಕಿದ ಹೆಚ್ಚುವರಿ ಕಾವಲು ದೊಡ್ಡ ಕಡತಗಳನ್ನು ನಿರ್ವಹಿಸುವ ಗಿಟ್ ಎಲ್‌ಎಫ್‌ಎಸ್‌ನ ಕೆಲಸಕ್ಕೆ ಅಡ್ಡಬಂತು. ಕೆಲವೇ ವಾರಗಳಲ್ಲಿ 2.45.2 ಆ ಕಾವಲನ್ನು ತೆಗೆದುಹಾಕಿತು; ನಿಜವಾದ ದೋಷಗಳ ತಿದ್ದುಪಡಿ ಉಳಿಯಿತು. ಅವಸರದ ಕೆಲಸದಲ್ಲಿ ಅಳತೆ ತಪ್ಪುವುದು ಸಹಜ. ತಪ್ಪಿದಾಗ ಮಾನದ ಪ್ರಶ್ನೆ ಮಾಡಿಕೊಳ್ಳದೆ ಹಿಂದೆಗೆಯುವುದೂ ದುರಸ್ತಿಯ ಭಾಗವೇ.

ತಿದ್ದುಪಡಿಯ ದಾರಿ

ವೇಗ ಯಾವುದೇ ಇರಲಿ, ತಿದ್ದುಪಡಿ ಸಾಗುವ ದಾರಿ ನಿಗದಿಯಾಗಿದೆ. ಪರಿಶೀಲನೆಗೆ ಬಂದ ಬದಲಾವಣೆ ಮೊದಲು ‘ಸೀನ್’ ಎಂಬ ಬ್ರಾಂಚಿನಲ್ಲಿ ಇತರ ಬದಲಾವಣೆಗಳ ಜತೆ ಹೊಂದುತ್ತದೆಯೇ ಎಂದು ನೋಡಲಾಗುತ್ತದೆ. ಅಲ್ಲಿಂದ ‘ನೆಕ್ಸ್ಟ್’ಗೆ ಹೋಗಿ ಕೆಲಕಾಲ ಧೈರ್ಯಸ್ಥರ ದಿನಬಳಕೆಯಲ್ಲಿ ಪಳಗುತ್ತದೆ. ಆಮೇಲೆ ‘ಮಾಸ್ಟರ್’. ಅದು ದೋಷದ ತಿದ್ದುಪಡಿಯಾಗಿದ್ದರೆ, ಈಗಾಗಲೇ ಬಿಡುಗಡೆಯಾದ ಆವೃತ್ತಿಯನ್ನು ನೋಡಿಕೊಳ್ಳುವ ‘ಮೇಂಟ್’ಗೂ ಇಳಿಯುತ್ತದೆ. ಹೀಗಾಗಲೆಂದೇ ದೋಷವನ್ನು ತಿದ್ದುವವರು ಇತ್ತೀಚಿನ ಪಠ್ಯದ ಮೇಲೆ ಬರೆಯದೆ, ಆ ದೋಷವಿರುವ ಹಳೆಯ ಸಾಲಿನಿಂದ ಕವಲೊಡೆದು ಬರೆಯಬೇಕು ಎಂಬ ನಿಯಮವಿದೆ. ಹಳೆಯದಕ್ಕೆ ಬರೆದ ಮದ್ದನ್ನು ಹೊಸದಕ್ಕೆ ಮರ್ಜ್ ಮಾಡಬಹುದು. ಹೊಸದಕ್ಕೆ ಬರೆದದ್ದನ್ನು ಹಳೆಯದಕ್ಕೆ ಕೊಂಡೊಯ್ಯುವಾಗ ಬೇಡದ ಹೊಸತನಗಳೂ ಅಂಟಿಕೊಂಡು ಬರುತ್ತವೆ.

ದೋಷ ಹುಟ್ಟಿದ ಕಮಿಟನ್ನು ಹುಡುಕಲು ಗಿಟ್‌ನ ‘ಬೈಸೆಕ್ಟ್’ ನೆರವಾಗುತ್ತದೆ. ಸರಿಯಿದ್ದ ಹಳೆಯ ಕಮಿಟ್ ಒಂದು, ಕೆಟ್ಟ ಹೊಸ ಕಮಿಟ್ ಒಂದು ಹೇಳಿದರೆ ಸಾಕು, ನಡುವಿನದನ್ನು ತೆಗೆದು ಪರೀಕ್ಷಿಸಲು ಕೊಡುತ್ತದೆ. ಪ್ರತಿ ಉತ್ತರಕ್ಕೂ ಉಳಿದ ಸಂಶಯ ಅರ್ಧವಾಗುವುದರಿಂದ ಸಾವಿರ ಕಮಿಟ್‌ಗಳಲ್ಲಿ ಅಪರಾಧಿಯನ್ನು ಸುಮಾರು ಹತ್ತು ಪ್ರಯತ್ನಗಳಲ್ಲಿ ಹಿಡಿಯಬಹುದು. ತಿದ್ದಿದ ದೋಷ ಮತ್ತೆ ತಲೆಯೆತ್ತದಂತೆ ಕಾಯಲು ಪರೀಕ್ಷೆಗಳ ದೊಡ್ಡ ಸಂಗ್ರಹವಿದೆ. ಅದರಲ್ಲಿ ‘ಇದು ಸೋಲುತ್ತದೆಂದು ಗೊತ್ತಿದೆ’ ಎಂದು ಗುರುತು ಹಾಕಿದ ಪರೀಕ್ಷೆಗಳೂ ಸೇರಿವೆ. ತಿದ್ದಲು ಇನ್ನೂ ಯಾರೂ ಸಿಗದ ದೋಷವನ್ನು ಮರೆಯದೆ, ಯಂತ್ರಕ್ಕೆ ಅರ್ಥವಾಗುವ ಭಾಷೆಯಲ್ಲಿ ಬರೆದಿಟ್ಟ ಸಾಲದ ಪುಸ್ತಕ ಅದು.

ಆಕ್ಷೇಪ ಮತ್ತು ಉತ್ತರ

ಈ ನಡೆಗೆ ಗಂಭೀರವಾದ ಒಂದು ಆಕ್ಷೇಪವಿದೆ. ಹಳೆಯದನ್ನು ತೆಗೆಯದೆ ಹೊಸದನ್ನು ಪಕ್ಕದಲ್ಲಿಡುತ್ತ ಹೋದರೆ ಉಪಕರಣ ಹಳೆಯ ಮನೆಯ ಅಟ್ಟದಂತಾಗುತ್ತದೆ. ಕಮಿಟ್‌ಗೆ ಸಿದ್ಧಪಡಿಸಿದ ಬದಲಾವಣೆಗಳಿರುವ ಜಾಗಕ್ಕೆ ಗಿಟ್‌ನಲ್ಲಿ ‘ಕ್ಯಾಶ್’, ‘ಇಂಡೆಕ್ಸ್’, ‘ಸ್ಟೇಜಿಂಗ್’ ಎಂಬ ಮೂರು ಹೆಸರುಗಳಿವೆ, ಮೂರೂ ಬಳಕೆಯಲ್ಲಿವೆ. ಹಳಬರ ಅನುಕೂಲಕ್ಕೆಂದು ಉಳಿಸಿದ್ದರ ಬೆಲೆಯನ್ನು ಮುಂದೆ ಬರುವ ಹೊಸಬರೆಲ್ಲ ತೆರಬೇಕು. ಬಳಸುತ್ತಿರುವವರ ದೂರು ಕೇಳಿಸುತ್ತದೆ. ಕಲಿಯಲಾರದೆ ಬಿಟ್ಟುಹೋದವರದು ಕೇಳಿಸುವುದೇ ಇಲ್ಲ.

ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅದು ತಟ್ಟುವುದು ಮೇಲಿನ ಪದರವೊಂದನ್ನೇ. ಆ ಪದರ ಹೊರೆಯಾದರೆ ಅದನ್ನು ಇಡಿಯಾಗಿ ಬದಲಿಸಲು ಗಿಟ್ಟನ್ನು ಒಡೆಯಬೇಕಾಗಿಲ್ಲ. ‘ಜುಜುತ್ಸು’ ಎಂಬ ಈಚಿನ ಆವೃತ್ತಿ ನಿಯಂತ್ರಣ ಉಪಕರಣ ತನ್ನದೇ ಆದೇಶಗಳನ್ನೂ ತನ್ನದೇ ಕೆಲಸದ ಕ್ರಮವನ್ನೂ ಕಟ್ಟಿಕೊಂಡಿದೆ, ದಾಖಲೆಗೆ ಮಾತ್ರ ಗಿಟ್‌ನ ಭಂಡಾರವನ್ನೇ ಬಳಸುತ್ತದೆ. ಒಂದೇ ತಂಡದಲ್ಲಿ ಒಬ್ಬರು ಗಿಟ್, ಇನ್ನೊಬ್ಬರು ಜುಜುತ್ಸು ಬಳಸಿದರೂ ಚರಿತ್ರೆ ಒಂದೇ ಆಗಿರುತ್ತದೆ. ಸಿವಿಎಸ್‌ನ ಕೊರತೆಯನ್ನು ನೀಗಲು ಭಂಡಾರವನ್ನೇ ಬಿಟ್ಟು ಹೋಗಬೇಕಾಗಿತ್ತು. ಗಿಟ್‌ನ ಕೊರತೆಯನ್ನು ಭಂಡಾರದಲ್ಲಿದ್ದುಕೊಂಡೇ ನೀಗಬಹುದು. ತಳದ ಪದರವನ್ನು ಸುಮ್ಮನೆ ಕದಲಿಸದೆ ಇದ್ದುದರ ಫಲ ಇದು.

ಎಳೆದದ್ದಕ್ಕೊಂದು ಕೊನೆ ಇರಬೇಕು ಎಂಬುದನ್ನೂ ಗಿಟ್ ಒಪ್ಪಿಕೊಂಡಿದೆ. ಮುಂದಿನ ದೊಡ್ಡ ಆವೃತ್ತಿಯಾದ 3.0ರಲ್ಲಿ ಏನೇನು ಬದಲಾಗಲಿದೆ ಎಂಬ ದಸ್ತಾವೇಜು 2024ರಿಂದ ಅದರ ಮೂಲ ಪಠ್ಯದ ಜತೆಗೇ ಇದೆ. ಹೊಸ ಭಂಡಾರಗಳು ಶಾ-256ರಿಂದ ಶುರುವಾಗಬೇಕು ಎಂಬುದು ಅದರಲ್ಲಿನ ಒಂದು ಯೋಜನೆ. ಇರುವ ಶಾ-1 ಭಂಡಾರಗಳು ಹಾಗೆಯೇ ನಡೆಯುತ್ತವೆ. ಆ ದಸ್ತಾವೇಜಿನಲ್ಲಿ ಬದಲಾಗುವವುಗಳ ಪಟ್ಟಿ, ತೆಗೆದುಹಾಕುವವುಗಳ ಪಟ್ಟಿ ಆದ ಮೇಲೆ ಮೂರನೆಯದೊಂದಿದೆ: ಉತ್ತಮವಾದ ಬದಲಿ ಬಂದಿದ್ದರೂ ತೆಗೆಯದೆ ಉಳಿಸಿಕೊಳ್ಳುವವುಗಳದು. ‘ಚೆಕ್‌ಔಟ್’ ಅದರಲ್ಲಿ ಸೇರಿದೆ. ಅದರ ಬಳಕೆ ಇನ್ನೂ ವ್ಯಾಪಕವಾಗಿದೆ, ಆದ್ದರಿಂದ ‘ಸ್ವಿಚ್’, ‘ರಿಸ್ಟೋರ್’ಗಳ ಜತೆ ಅದೂ ಇರುತ್ತದೆ ಎಂಬುದು ಅಲ್ಲಿ ಕೊಟ್ಟಿರುವ ಕಾರಣ.